ಸಾಂತಾ ಫೆ ಬಾವಲಿ, ಬೈಲಹೊಂಗಲ ಐಸು

ಸಾಂತಾ ಫೆ: ಮಾಳಿಗೆ ಮನೆಗಳು

ಅಮೆರಿಕದಲ್ಲಿ ನಾನು ಎಲ್ಲಕ್ಕಿಂತ ಮೊದಲು ಮುಟ್ಟಿ ನೋಡಿದ್ದು ಒಂದು ಮಣ್ಣಿನ ಗೋಡೆಯನ್ನು.

ಮುಂಬಯಿಯಲ್ಲಿ ನನ್ನನ್ನು ವಿಮಾನ ಹತ್ತಿಸಿದವರು ಮುಗಿಲಿಗೆ ತಾಗುವ ಕಟ್ಟಡಗಳ ಸುದ್ದಿ ಹೇಳಿ ಕಳಿಸಿದ್ದರು. ನ್ಯೂಯಾರ್ಕಿನಲ್ಲಿ ಅವನ್ನೂ ಕತ್ತು ನೋಯುವ ತನಕ ನೋಡಿದೆ. ಆದರೆ ನನ್ನ ಕೆಲಸ ಇದ್ದದ್ದು ಅಲ್ಲಿಂದ ಬಹಳ ದೂರ, ನ್ಯೂ ಮೆಕ್ಸಿಕೊ ಎಂಬ ಸೀಮೆಯ ಸಾಂತಾ ಫೆ ಎಂಬ ಊರಿನಲ್ಲಿ. ಅಲ್ಲಿ ಇಳಿದು ಕಣ್ಣು ಬಿಟ್ಟರೆ, ನಾನು ಹುಟ್ಟಿದ ನೇಸರಗಿಗೇ ಯಾರೋ ತಂದು ಇಳಿಸಿದಂತಾಯಿತು. ಮಣ್ಣಿನ ಗೋಡೆ, ಮೇಲೆ ಚಪ್ಪಟೆ ಮಾಳಿಗೆ, ಗೋಡೆಯಿಂದ ಹೊರಗೆ ಮೂತಿ ಚಾಚಿದ ತೊಲೆಗಳು, ತೊಲೆಗೆ ಸರ ಮಾಡಿ ತೂಗುಬಿಟ್ಟ ಕೆಂಪು ಮೆಣಸಿನಕಾಯಿ. ಇಷ್ಟು ದೂರ ಬಂದು ಇದನ್ನು ನೋಡಬೇಕಿತ್ತೇ ಎಂದು ನಗು ಬಂತು.

"ಏನ್ ನೋಡಾಕ ಹತ್ತೀರಿ?" ಎಂದು ಕರೆದೊಯ್ಯಲು ಬಂದಿದ್ದ ವಾಲ್ಟರ್ ಕೇಳಿದ.

"ಇದಕ್ಕ ಸಗಣಿ ಬಳದಿಲ್ಲ. ಮಳಿಗೆ ಕರಗತೈತಿ."

"ಇಲ್ಲಿ ಮಳಿನ ಆಗೂದಿಲ್ಲ."

ಮಳೆಗೆ ಬಾಯಿ ಬಿಡುವ ನಮ್ಮ ಸವದತ್ತಿ ಕಡೆಯವನ ಮಾತು ಕೇಳಿದಂತಾಯಿತು.

ವಾಲ್ಟರ್ ಅಂದರೆ ಆ ಊರಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ನಮ್ಮದೂ ಚಪ್ಪಲಿಯ ಮನೆತನವೇ. ಅಪ್ಪ ನೇಸರಗಿಯಲ್ಲಿ ಕೂತು ಹೊಲಿದ, ನಾನು ತಲೆಯ ಮೇಲೆ ಹೊತ್ತು ಬೈಲಹೊಂಗಲದ ಸಂತೆಯಲ್ಲಿ ಮಾರಿದೆ. ಈಗ ಬೈಲಹೊಂಗಲದಲ್ಲೇ ಮನೆ ಮಾಡಿ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಲಿಯುವವರಿಂದ ಮಾಲು ಕೂಡಿಸಿ ಮುಂಬಯಿಗೆ ಕಳಿಸುತ್ತೇನೆ. ಅಲ್ಲಿಂದ ಅದು ಹಡಗು ಹತ್ತಿ ಉದ್ದ ಕೂದಲಿನ ಬಿಳಿ ಹುಡುಗರ ಕಾಲು ಸೇರುತ್ತದೆ. ಹೆಸರು ಕೊಲ್ಲಾಪುರದ್ದು, ಬೆವರು ನಮ್ಮದು, ಲಾಭ ಮುಂಬಯಿಯವರದ್ದು. ಇಂಡಿಯಾ ನೋಡಲು ಬಂದಿದ್ದ ವಾಲ್ಟರ್ ಬರಿಗಾಲಲ್ಲಿ ಬೈಲಹೊಂಗಲದ ತನಕ ಹುಡುಕಿಕೊಂಡು ಬಂದಾಗಲೇ ನಾನು ನಿಶ್ಚಯ ಮಾಡಿದೆ: ಮುಂಬಯಿಯವರನ್ನು ನಡುವಿನಿಂದ ಎಬ್ಬಿಸಬೇಕು, ಇವನ ಅಂಗಳಕ್ಕೇ ಹೋಗಿ ಮಾತು ಕುದುರಿಸಬೇಕು. ವ್ಯಾಪಾರ ಮಾಡುವ ಹುಡುಗರಿಗೆ ನನ್ನ ಸಲಹೆಯೂ ಇದೇ. ಕೊಳ್ಳುವವನ ಮನೆ ನೋಡದೆ ಮಾಲಿನ ದರ ಹೇಳಬೇಡಿರಿ.

ಇಲ್ಲೊಂದು ಮಾತು. ವಾಲ್ಟರನೂ ಅವನ ಹೆಂಡತಿ ರೂತಳೂ ಆ ಊರಿನ ಉಳಿದವರೂ ಆಡಿದ್ದು ಇಂಗ್ಲಿಷ್. ನಾನು ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. 'ರಿ' ಹಚ್ಚಿದವನೂ ನಾನೇ, ಅವರಲ್ಲಿ ಅದು ಇಲ್ಲ. ಅಲ್ಲಿ ಮೊಣಕಾಲುದ್ದದ ಕೂಸು ಕೂಡ ಅಜ್ಜನ ವಯಸ್ಸಿನವನನ್ನು ಹೆಸರು ಹಿಡಿದೇ ಕರೆಯುತ್ತದೆ. ಅಜ್ಜನೂ ಓ ಎನ್ನುತ್ತಾನೆ.

ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ಮೆಣಸಿನಕಾಯಿ ಅರೆದು ಮಾಡಿದ ಕೆಂಪು ಸಾರು ನನ್ನ ನಾಲಿಗೆಗೆ ಸರಿಯಾಯಿತು. ಸರಿ ಆಗದ್ದು ಅವರ ನಾಯಿ. ಎಮ್ಮೆ ಕರುವಿನಷ್ಟಿತ್ತು, ಮಲಗುವುದು ಮಂಚದ ಮೇಲೆ. ಅದು ಹತ್ತಿರ ಬಂದರೆ ನಾನು ಕಾಲು ಮೇಲೆತ್ತಿ ಕೂರುತ್ತಿದ್ದೆ.

"ಅಂಜಬ್ಯಾಡ್ರಿ, ಇದಕ್ಕ ಹುಚ್ಚು ಹಿಡೀಬಾರದಂತ ಸೂಜಿ ಹಾಕಿಸೇವಿ," ಎಂದು ರೂತ್ ಅದರ ಕೊರಳ ಬಿಲ್ಲೆ ತೋರಿಸಿದಳು.

ನಾಯಿಗೆ ಸೂಜಿ! ನಮ್ಮಲ್ಲಿ ನಾಯಿ ಕಚ್ಚಿದ ಮನುಷ್ಯನಿಗೆ ಸಿಕ್ಕರೆ ದೊಡ್ಡ ಮಾತು.

ವಾಲ್ಟರನ ಹಿತ್ತಲು

ದರದ ಮಾತುಕತೆ ಇನ್ನೂ ಹಗ್ಗಜಗ್ಗಾಟದಲ್ಲಿತ್ತು. ಒಂದು ದಿನ ಮಧ್ಯಾಹ್ನ ಹಿತ್ತಲಲ್ಲಿ ಮಾದರಿ ಜೋಡುಗಳನ್ನು ಬಿಸಿಲಿಗೆ ಹರಡಿ, ಎಣ್ಣೆ ಕುಡಿಸುತ್ತಾ ಕೂತಿದ್ದೆವು. ಗೋಡೆಯ ಬುಡದಲ್ಲಿ, ಮೆಣಸಿನಕಾಯಿ ಸರದ ನೆರಳಲ್ಲಿ ಏನೋ ಮಿಸುಕಿತು. ಎದ್ದು ಹೋಗಿ ನೋಡಿದರೆ ಬಾವಲಿ. ಅಂಗೈಯಷ್ಟೂ ಇಲ್ಲ. ಒಂದು ರೆಕ್ಕೆ ಮಣ್ಣಿನ ಮೇಲೆ ಹರವಿಕೊಂಡು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

ನಮಗೆ ಬಾವಲಿ ಹೊಸದೇನಲ್ಲ. ಕಿತ್ತೂರಿನ ಕೋಟೆಯ ಬಿದ್ದ ಗೋಡೆಗಳಲ್ಲಿ ಗುಂಪುಗುಂಪಾಗಿ ಇರುತ್ತವೆ, ಮುರಗೋಡದ ಹಾದಿಯ ಆಲದಮರದಲ್ಲಿ ದೊಡ್ಡವು ಜೋತುಬಿದ್ದಿರುತ್ತವೆ. ಅವುಗಳ ಪಾಡಿಗೆ ಅವು, ನಮ್ಮ ಪಾಡಿಗೆ ನಾವು. ಆದರೆ ಇಷ್ಟು ಹತ್ತಿರದಿಂದ ಆ ರೆಕ್ಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಬಿಸಿಲಿಗೆ ಹಿಡಿದರೆ ಬೆಳಕು ಆಚೆ ಹಾಯುವಂಥ ತೊಗಲು. ನಮ್ಮ ಕಸುಬಿನವರ ಕೈ ಹೇಗೆ ಗೊತ್ತೇನು? ತೊಗಲು ಕಂಡರೆ ಹೆಬ್ಬೆರಳು ಮನಸ್ಸನ್ನು ಕೇಳುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ತಿಕ್ಕಿದರೆ ಎಮ್ಮೆಯದೋ ಆಡಿನದೋ, ಅಳಲೆಕಾಯಿ ನೀರಿನಲ್ಲಿ ಚೆನ್ನಾಗಿ ನೆನೆದಿದೆಯೋ ಇಲ್ಲವೋ ಹೇಳುತ್ತೇವೆ. ಬಸ್ಸಿನಲ್ಲಿ ಪಕ್ಕದವನ ಚೀಲ ತಿಕ್ಕಿ ಬೈಸಿಕೊಂಡವನು ನಾನು. ಅಂಥವನು ಸುಮ್ಮನಿರುತ್ತೇನೆಯೇ? ಕೂತು, ಬಾವಲಿಯ ರೆಕ್ಕೆಯನ್ನು ತಿಕ್ಕಿ ನೋಡಿದೆ.

ಅದು ಹೊರಳಿ ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು.

ನೋವೇನೂ ದೊಡ್ಡದಿರಲಿಲ್ಲ. ತೊಗಲು ಕೊಯ್ಯುವ ರಂಪಿ ತಗಲಿದರೆ ಇದರ ಹತ್ತರಷ್ಟು ಆಗುತ್ತದೆ. ಕೈ ಝಾಡಿಸಿದೆ, ಬಿಡಲಿಲ್ಲ. ಇನ್ನೊಮ್ಮೆ ಝಾಡಿಸಿದಾಗ ನೆಲಕ್ಕೆ ಬಿತ್ತು. ಕಚ್ಚಿದ್ದನ್ನು ಸುಮ್ಮನೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಚೇಳಾದರೂ ಅಷ್ಟೇ, ಜರಿಯಾದರೂ ಅಷ್ಟೇ, ಚಪ್ಪಲಿ ತೆಗೆದು ನೇರ ತಲೆಗೆ. ಎಡಗೈಯಲ್ಲಿ ಕಿತ್ತೂರಿನ ದಪ್ಪ ಅಟ್ಟೆಯ ಜೋಡು ಇತ್ತು. ಎರಡೇಟಿಗೆ ಬಾವಲಿಯ ತಲೆ ಮಣ್ಣಿಗೆ ಅಂಟಿಕೊಂಡಿತು.

ನನ್ನ ಬುದ್ಧಿ ಆಗಲೂ ವ್ಯಾಪಾರದಲ್ಲೇ ಇತ್ತು ನೋಡಿರಿ. ಚಪ್ಪಲಿ ತಿರುಗಿಸಿ ವಾಲ್ಟರನಿಗೆ ತೋರಿಸಿದೆ. "ನೋಡ್ರಿ, ಹೊಲಿಗಿ ಒಂದರ ಬಿಟ್ಟೈತೇನು?"

ವಾಲ್ಟರ್ ಅಟ್ಟೆ ನೋಡಲಿಲ್ಲ. "ಭೀಮಪ್ಪ, ಅದು ನಿಮ್ಮನ್ನ ಕಚ್ಚಿತೇನು?"

"ಸೂಜಿ ಮೊನಿಯಷ್ಟು. ಏನಿಲ್ಲ." ರಕ್ತವನ್ನು ಪ್ಯಾಂಟಿಗೆ ಒರೆಸಿ, ತಂಬಾಕಿನ ಚೀಲದಿಂದ ಚೂರು ಸುಣ್ಣ ತೆಗೆದು ಹಚ್ಚಿದೆ. ಗಾಯಕ್ಕೆ ನಮ್ಮ ಅಪ್ಪನೂ ಅದನ್ನೇ ಹಚ್ಚುತ್ತಿದ್ದ.

ವಾಲ್ಟರ್ ಹೆಂಡತಿಯನ್ನು ಕೂಗಿದ ರೀತಿಗೆ ನಾನು ಬೆಚ್ಚಿದೆ. ರೂತ್ ಓಡಿಬಂದವಳು ನನ್ನ ಮಣಿಕಟ್ಟು ಹಿಡಿದು ನಲ್ಲಿಯ ಕೆಳಗೆ ತಂದಳು. ಸುಣ್ಣ ತೊಳೆದಳು, ಸಾಬೂನು ಹಚ್ಚಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಸಾಕು ಎಂದರೆ ಕೇಳಲೊಲ್ಲಳು. ಬೆರಳಿನ ಚರ್ಮ ಬೆಳ್ಳಗಾಗಿ ಸುಕ್ಕಾಗುವ ತನಕ ಬಿಡಲಿಲ್ಲ. ಆಮೇಲೆ ಕೈಗೆ ಚೀಲ ಹಾಕಿಕೊಂಡು, ಸತ್ತ ಬಾವಲಿಯನ್ನು ಕಾಫಿಯ ಖಾಲಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು.

"ಅದನ್ನ ಎಲ್ಲಿಗೆ ಒಯ್ತೀರಿ? ಮಣ್ಣು ಮಾಡಾಕೇನು?" ಎಂದು ನಕ್ಕೆ.

ವಾಲ್ಟರ್ ಆಗಲೇ ಕಾರು ಚಾಲೂ ಮಾಡಿದ್ದ.

ದವಾಖಾನೆ

ಹಾದಿಯಲ್ಲಿ ರೂತ್ ಹೇಳಿದಳು. ಅವರ ಸೀಮೆಯಲ್ಲಿ ನಾಯಿಗೆ ಬರುವ ಆ ಹುಚ್ಚುರೋಗ ಬಾವಲಿಗೂ ಬರುತ್ತದಂತೆ. ಅದು ಕಚ್ಚಿದರೆ ಮನುಷ್ಯನಿಗೂ ಬರುತ್ತದಂತೆ.

"ನಾಯಿ ಬ್ಯಾರೆ, ಬಾವಲಿ ಬ್ಯಾರೆ," ಎಂದೆ. "ನಮ್ಮಲ್ಲಿ ಅಷ್ಟು ಬಾವಲಿ ಅದಾವು, ಯಾರಿಗೂ ಹುಚ್ಚು ಹಿಡದಿಲ್ಲ."

"ನಿಮ್ಮಲ್ಲಿ ಯಾರರ ಹಿಂಗ ಕೈಯಾಗ ಹಿಡೀತಾರೇನು?"

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

ಡಾಕ್ಟರ್ ಎಂದರೆ ಇನ್ನೂ ಹುಡುಗ. ಬಿಳಿ ಕೋಟಿನ ಕೆಳಗೆ ನಮ್ಮ ಚಪ್ಪಲಿಯ ಜಾತಿಯದೇ ಒಂದು ಜೋಡು. ಹೊಲಿಗೆ ನೋಡಿದೆ, ನಮ್ಮದಲ್ಲ. ಅವನು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮೆಲ್ಲಗೆ ಮುಚ್ಚಿದ.

"ತಲಿಗೆ ಬಡದವರು ಯಾರು?"

"ನಾನ ರಿ. ಎರಡ ಪೆಟ್ಟಿಗೆ."

"ಬಡೀಬಾರದಿತ್ತು. ಆ ರೋಗ ಇದ್ರ ಇದರ ಮಿದುಳಿನ್ಯಾಗ ಕಾಣತೈತಿ. ತಲಿ ನೆಟ್ಟಗಿದ್ದಿದ್ರ ನಾಳೆ ಅನ್ನೂದರಾಗ ಇದ್ದದ್ದು ಇಲ್ಲದ್ದು ತಿಳೀತಿತ್ತು. ಈಗ ನೋಡಾಕ ಏನೂ ಉಳದಿಲ್ಲ."

"ಅಂದ್ರ ಈ ಬಾವಲಿಗೆ ರೋಗ ಇರಲಿಕ್ಕೂ ಸಾಕು?"

"ಇರಲಿಕ್ಕೂ ಸಾಕು. ಹಗಲಿನ್ಯಾಗ ನೆಲಕ್ಕ ಬಿದ್ದಿತ್ತು, ಹಾರಿ ಹೋಗಲಿಲ್ಲ, ಕೈಗೆ ಸಿಕ್ತು. ನನಗ ಅದು ಸೇರಂಗಿಲ್ಲ. ಸೂಜಿ ಹಾಕಲೇಬೇಕು."

"ಎಷ್ಟು?"

"ಮೊದಲು ಬೆರಳಿಗೆ, ಕುಂಡಿಗೆ ಒಂದು ಔಷಧ. ಆಮ್ಯಾಲೆ ಹೊಟ್ಟಿಗೆ ದಿನಕ್ಕೊಂದರಂಗ ಇಪ್ಪತ್ತೊಂದು. ಅದು ಮುಗದ ಮ್ಯಾಲೆ ಒಂದೆರಡು."

ಇಪ್ಪತ್ತೊಂದು! ನಾನು ಕುರ್ಚಿಯಲ್ಲಿ ಸರಿದು ಕೂತೆ. ಇದು ನನಗೆ ಗೊತ್ತಿರುವ ಜಾಗ. ಮೊದಲು ಹೇಳಿದ ಲೆಕ್ಕಕ್ಕೆ ಒಪ್ಪುವವನು ಬೈಲಹೊಂಗಲದ ಸಂತೆಯಲ್ಲಿ ಒಂದು ವಾರವೂ ಬದುಕುವುದಿಲ್ಲ.

"ನಮ್ಮಲ್ಲಿ ಹದಿನಾಲ್ಕಕ್ಕ ಮುಗಸ್ತಾರ್ರಿ."

"ನಿಮ್ಮದು ಬ್ಯಾರೆ ಔಷಧ, ಕುರಿ ಮಿದುಳಿಂದು. ಇದು ಬಾತುಕೋಳಿ ತತ್ತಿಯಿಂದ ಮಾಡಿದ್ದು."

"ಬಾತುಕೋಳಿ ಕುರಿಗಿಂತ ಸಣ್ಣದು. ಸೂಜಿನೂ ಕಡಿಮಿ ಆಗಬೇಕಲ್ಲ?"

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರ್ ನನ್ನ ಮುಖ ನೋಡಿದ.

"ಹೋಗಲಿ, ನಿಮ್ಮದೂ ಬ್ಯಾಡ ನಮ್ಮದೂ ಬ್ಯಾಡ," ಎಂದೆ. "ಏಳು ಹಾಕ್ರಿ. ಏಳಕ್ಕ ಏನೂ ಆಗಲಿಲ್ಲ ಅಂದ್ರ ಮುಂದಿಂದು ಮುಂದ ನೋಡೂಣು."

"ಏಳು ದಿನಕ್ಕ ಏನೂ ಆಗೂದಿಲ್ಲ," ಎಂದ ಅವನು. "ಏಳು ವಾರಕ್ಕೂ ಆಗಲಿಕ್ಕಿಲ್ಲ. ಏನರ ಆದ ದಿವಸ ನೀವು ಬಂದು ನೂರು ಸೂಜಿ ಕೇಳಿದ್ರೂ ನನ್ನ ಅಂಗಡ್ಯಾಗ ನಿಮಗ ಕೊಡಾಕ ಏನೂ ಇರೂದಿಲ್ಲ."

ನನ್ನ ಜೀವಮಾನದಲ್ಲಿ ಚೌಕಾಸಿ ಮಾಡುವಾಗ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಮಾರುವವನು ಅಂಗಡಿ ಮುಚ್ಚುತ್ತೇನೆ ಎನ್ನುತ್ತಾನೆ, ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿರುತ್ತದೆ. ಇವನ ಕಣ್ಣಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ.

"ನೀವು ಈ ರೋಗ ನೋಡೀರೇನು?" ಎಂದು ಅವನೇ ಕೇಳಿದ. "ನಾನು ನೋಡಿಲ್ಲ. ಪುಸ್ತಕದಾಗ ಓದೇನಿ ಅಷ್ಟ."

ನೋಡಿದ್ದೆ. ಹೇಳತೊಡಗಿದೆ. ರಾಮದುರ್ಗದಲ್ಲಿ ನನ್ನ ಕಾಕಾ ದುರ್ಗಪ್ಪ, ಅಪ್ಪನ ತಮ್ಮ. ಚಪ್ಪಲಿಯ ಪಟ್ಟಿಗೆ ಜಡೆಯಂಥ ಹೆಣಿಗೆ ಹಾಕುವುದರಲ್ಲಿ ಅವನಂಥ ಕೈ ಮತ್ತೊಂದಿರಲಿಲ್ಲ. ಓಣಿಯ ನಾಯಿ ಅವನ ಕಾಲಿನ ಮೀನಗಂಡಕ್ಕೆ ಬಾಯಿ ಹಾಕಿತು. ಗಾಯಕ್ಕೆ ಖಾರಪುಡಿ ತುಂಬಿದರು, ಮಂತ್ರ ಹಾಕಿಸಿ ದಾರ ಕಟ್ಟಿಸಿದರು. ಗಾಯ ಮಾಯಿತು, ಎಲ್ಲರೂ ಮರೆತೆವು. ಜೋಳ ಬಿತ್ತುವಾಗ ಕಚ್ಚಿದ್ದು, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿಗೆ ಕಾಕಾ ಕಾಲು ಜುಮುಜುಮು ಎನ್ನುತ್ತದೆ ಎಂದ. ಮರುದಿನ ನೀರಡಿಸಿ ತಾನೇ ನೀರು ಬೇಡಿದ. ಕಾಕಿ ಚಂಬು ತಂದಳು. ಚಂಬು ಬಾಯಿಯ ಹತ್ತಿರ ಬಂದದ್ದೇ ತಡ, ಗಂಟಲು ಹಿಡಿದು, ಕಣ್ಣು ಅಗಲಿಸಿ, ಚಂಬನ್ನು ನೂಕಿದ. ನೀರಡಿಕೆ ತಡೆಯದೆ ಮತ್ತೆ ಬೇಡಿದ. ಮತ್ತೆ ನೂಕಿದ. ಕಡೆಗೆ ಪಕ್ಕದ ಮನೆಯಲ್ಲಿ ಕೊಡಕ್ಕೆ ನೀರು ಸುರಿಯುವ ಸಪ್ಪಳ ಕೇಳಿ...

ಅಲ್ಲಿಗೆ ನನ್ನ ಮಾತು ನಿಂತಿತು. ನಾನು ಅಂಗಿ ಮೇಲೆತ್ತಿದೆ.

ವಾಲ್ಟರನ ಮನೆ, ಮುಂದಿನ ದಿನಗಳು

ಹೊಟ್ಟೆಯ ಮೇಲೆ ದಿನಕ್ಕೊಂದು ಗಂಟು ಎದ್ದಿತು. ಕೆಂಪು ಗಂಟು, ತುರಿಕೆಯೆಂದರೆ ವಿಪರೀತ. ಪ್ಯಾಂಟಿನ ಪಟ್ಟಿ ಬಿಗಿಯಲಾರದೆ ರೂತ್ ಕೊಟ್ಟ ಸಡಿಲ ಪಾಯಜಾಮದಲ್ಲಿ ಓಡಾಡಿದೆ. ಅದನ್ನೆಲ್ಲ ತಡೆದೇನು. ತಡೆಯಲಾಗದ್ದು ಬೆಳಗಿನ ಮೊದಲ ಲೋಟ ನೀರು. ಕೈಗೆತ್ತಿಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದೆ. ಗಂಟಲು ಒಪ್ಪುತ್ತದೋ ಇಲ್ಲವೋ? ಒಂದು ಗುಟುಕು ಇಳಿದರೆ ಆ ದಿನ ಗೆದ್ದಂತೆ.

ವ್ಯಾಪಾರ ಒಂದೇ ಸಲಕ್ಕೆ ಮುಗಿಯಿತು. ನಾನು ಮೊದಲ ದಿನ ಬೇಕೆಂದೇ ಏರಿಸಿ ಹೇಳಿದ್ದ ದರಕ್ಕೆ ವಾಲ್ಟರ್ ಮರುಮಾತಿಲ್ಲದೆ ಹೂಂ ಅಂದ. ಮುಂಬಯಿಯವರಿಗೆ ಬೇಡ, ನಿಮ್ಮ ಮನೆಯಿಂದಲೇ ಮಾಲು ತರಿಸುತ್ತೇನೆ ಅಂದ. ಬೇರೆ ಹೊತ್ತಾಗಿದ್ದರೆ ನಾನು ಕುಣಿಯಬೇಕು. ಅಂದು ಅಂಜಿಕೆ ಹೊಕ್ಕಿತು. ಎದುರಿನವನು ಚೌಕಾಸಿ ಬಿಟ್ಟನೆಂದರೆ ಏನರ್ಥ? ಇವನು ಹೋಗುವ ಗಿರಾಕಿ, ಕೇಳಿದ್ದು ಕೊಟ್ಟು ಕಳಿಸೋಣ ಎಂದಲ್ಲವೇ?

"ವಾಲ್ಟರ್, ನೀವು ಸ್ವಲ್ಪ ಜಗ್ಗಾಡ್ರಿ," ಎಂದೆ.

"ಯಾಕ? ನಿಮಗ ದರ ಸಾಲಲಿಲ್ಲೇನು?"

"ಸಾಲಿತು. ಆದ್ರೂ ಜಗ್ಗಾಡ್ರಿ. ನನಗ ಛಲೋ ಅನಸ್ತೈತಿ."

ಅವನು ಪಾಪ, ಅರ್ಥವಾಗದೆ ಸ್ವಲ್ಪ ಇಳಿಸಿದ. ನಾನು ಏರಿಸಿದೆ. ಅಂದು ರಾತ್ರಿಯ ಊಟ ಸೇರಿತು.

ಇನ್ನೊಂದು ದಿನ ಕಚ್ಚಿದ ಹೆಬ್ಬೆರಳು ಜುಮುಜುಮು ಎನ್ನತೊಡಗಿತು. ಕಾಕಾನ ಕಾಲು ನೆನಪಾಯಿತು. ಯಾರಿಗೂ ಹೇಳದೆ ಒಂದು ಹೊತ್ತು ಕಳೆದೆ. ಕಡೆಗೆ ಡಾಕ್ಟರನ ಮುಂದೆ ಬೆರಳು ಹಿಡಿದೆ. ಬೆರಳಿಗೇ ಔಷಧ ಚುಚ್ಚಿದ್ದರಿಂದ ಹಾಗಾಗಿರಬಹುದು ಎಂದ. ಇರಬಹುದು! ಆ ಊರಲ್ಲಿ ನಾನು ಬಹಳ ಸಲ ಕೇಳಿದ ಶಬ್ದ ಅದು. ಮೂರು ದಿನಕ್ಕೆ ಜುಮುಜುಮು ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅದಕ್ಕೂ ಹೆದರಿದೆ.

ನನಗೆ ಇರಲು ಕೊಟ್ಟ ಪರವಾನಗಿ ಮುಗಿಯುತ್ತ ಬಂತು, ಸೂಜಿಗಳು ಮುಗಿದಿರಲಿಲ್ಲ. ನಮ್ಮೂರಿನ ಔಷಧವನ್ನು ಇದರ ಜೊತೆ ಬೆರೆಸುವುದು ಬೇಡ ಎಂದು ಡಾಕ್ಟರ್ ಉಳಿದ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ, ಅಗಲ ಬಾಯಿಯ ಥರ್ಮಾಸಿನಲ್ಲಿ ಐಸಿನ ನಡುವೆ ಇಟ್ಟುಕೊಟ್ಟ. ಊರಿನ ಡಾಕ್ಟರಿಗೆ ಒಂದು ಪತ್ರ ಬರೆದ. "ಹೆಪ್ಪುಗಟ್ಟಬಾರದು, ಬೆಚ್ಚಗೂ ಆಗಬಾರದು. ಹಾದ್ಯಾಗ ಒಂದು ದಿನ ತಪ್ಪಿದ್ರ ನಡದೀತು. ಎರಡು ತಪ್ಪಸಬ್ಯಾಡ್ರಿ."

ಹೊರಡುವ ಬೆಳಿಗ್ಗೆ ಒಂದು ಸೂಜಿ ಹಾಕಿದ. ರೂತ್ ನನ್ನನ್ನು ತಬ್ಬಿಕೊಂಡಳು. ಅವರಲ್ಲಿ ಅದು ಪದ್ಧತಿ. ಅವಳ ಗಂಡನ ಮುಂದೆ ಕೈ ಎಲ್ಲಿಡಬೇಕೋ ತಿಳಿಯದೆ ನಾನು ಥರ್ಮಾಸನ್ನು ಗಟ್ಟಿ ಹಿಡಿದುಕೊಂಡೆ.

ಮುಂಬಯಿ ವಿಮಾನ ನಿಲ್ದಾಣ

ವಿಮಾನದಲ್ಲಿ ಗಗನಸಖಿಯರು ಬೇಡಿದಾಗಲೆಲ್ಲ ಐಸು ಕೊಟ್ಟರು. ಇವನಿಗೇನು ಇಷ್ಟು ಬಾಯಾರಿಕೆ ಎಂದುಕೊಂಡಿರಬೇಕು. ಕಷ್ಟ ಬಂದದ್ದು ನಮ್ಮ ನೆಲಕ್ಕೆ ಇಳಿದ ಮೇಲೆ.

ಸುಂಕದ ಅಧಿಕಾರಿ ಪೆಟ್ಟಿಗೆಯನ್ನು ಎರಡು ನಿಮಿಷದಲ್ಲಿ ನೋಡಿದ. ಕೈಯಲ್ಲಿದ್ದ ಥರ್ಮಾಸ್ ಅವನ ಕಣ್ಣಿಗೆ ಬಿತ್ತು.

"ಒಳಗ ಏನೈತಿ?" ಎಂದು ಹಿಂದಿಯಲ್ಲಿ ಕೇಳಿದ.

"ಔಷಧ ಸಾಹೇಬ್ರ. ತೆಗೀಬ್ಯಾಡ್ರಿ, ಬೆಚ್ಚಗಾಗತೈತಿ."

"ಹಿಂಗ ಹೇಳಿದವರ ಥರ್ಮಾಸಿನ್ಯಾಗ ವಾಚು ಸಿಕ್ಕಾವು, ಬಂಗಾರ ಸಿಕ್ಕೈತಿ." ಅವನು ಮುಚ್ಚಳ ತಿರುವಿ, ಐಸನ್ನು ಮೇಜಿನ ಮೇಲೆ ಸುರಿದ. ಬಟ್ಟೆಯ ಗಂಟು ಬಿಚ್ಚಿ ಸ್ವಿಸ್ ವಾಚು ಹುಡುಕುವವನಂತೆ ಒಂದೊಂದೇ ಸೀಸೆಯನ್ನು ದೀಪಕ್ಕೆ ಹಿಡಿದ. ಮುಂಬಯಿಯ ಸೆಖೆಯಲ್ಲಿ ಐಸು ನನ್ನ ಕಣ್ಣ ಮುಂದೆ ನೀರಾಗಿ ಮೇಜಿನ ಅಂಚಿಗೆ ಹರಿಯಿತು.

"ಯಾವುದಕ್ಕ ಔಷಧ?"

"ನಾಯಿ ಕಡದವರಿಗೆ ಹಾಕೂದು."

"ಅಮೆರಿಕಾದ ನಾಯಿ ಕಡದೈತಿ ಅಂತೀರಿ."

"ನಾಯಿ ಅಲ್ಲರಿ. ಬಾವಲಿ."

ಅವನು ಪಕ್ಕದವನತ್ತ ತಿರುಗಿ ಕಣ್ಣು ಹೊಡೆದ. "ಇದೊಂದು ಹೊಸದು."

ನಾನು ಪತ್ರ ತೋರಿಸಿದೆ. ಪತ್ರ ಯಾರು ಬೇಕಾದರೂ ಬರೆಯಬಹುದು ಎಂದ. ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು, ಒಂದು ದಿನದ ಸೂಜಿ ಆಗಲೇ ತಪ್ಪಿತ್ತು. ಹೆಂಗಸರು ಮಕ್ಕಳು ನಿಂತ ಸಾಲು ಎಂಬುದನ್ನೂ ನೋಡದೆ ಅಂಗಿ ಎತ್ತಿ ಹೊಟ್ಟೆ ತೋರಿಸಿದೆ. ಹಳೆಯ ಗಂಟು, ಹೊಸ ಗಂಟು, ಕೆಂಪು, ನೀಲಿ.

"ಬಂಗಾರ ಇಲ್ಲಿ ಐತ್ರಿ ಸಾಹೇಬ್ರ. ಮುಟ್ಟಿ ನೋಡ್ರಿ."

ಅಧಿಕಾರಿ ಹಿಂದೆ ಸರಿದ. ನನ್ನ ಹಿಂದಿನ ಸಾಲು ಅವನಿಗಿಂತ ದೂರ ಸರಿಯಿತು. ಯಾರೋ "ಪಿಸಾಳಲಾ, ಪಿಸಾಳಲಾ" ಎಂದು ಮರಾಠಿಯಲ್ಲಿ ಕೂಗಿದರು, ಹುಚ್ಚು ಹಿಡಿದಿದೆ ಎಂದು. ಸಿಪಾಯಿಯೊಬ್ಬ ಓಡಿಹೋಗಿ, ಪರದೇಶದಿಂದ ಬರುವವರ ರೋಗರುಜಿನ ನೋಡಲು ಅಲ್ಲಿಯೇ ಕೂರುವ ಡಾಕ್ಟರನ್ನು ಕರೆತಂದ. ವಯಸ್ಸಾದ ಮನುಷ್ಯ. ಪತ್ರ ಓದಿ, ಸೀಸೆ ಮುಟ್ಟಿ ನೋಡಿ, "ಇನ್ನೂ ತಂಪೈತಿ. ಯಾವಾಗ ತಪ್ಪೈತಿ ಸೂಜಿ?" ಎಂದ. ಹೇಳಿದೆ. ತನ್ನ ಕೋಣೆಗೆ ಕರೆದೊಯ್ದು ಅಲ್ಲಿಯೇ ಒಂದನ್ನು ಹಾಕಿ, ಹೊಸ ಐಸು ತುಂಬಿಸಿಕೊಟ್ಟ.

ಪರದೇಶದಿಂದ ಔಷಧ ತರುವವರಿಗೆ ಹೇಳುತ್ತೇನೆ. ಮೊದಲು ಆರೋಗ್ಯದ ಡಾಕ್ಟರ್ ಎಲ್ಲಿ ಕೂತಿದ್ದಾರೆ ಎಂದು ಕೇಳಿರಿ, ಅವರನ್ನು ಕಂಡ ಮೇಲೆ ಸುಂಕದವರ ಮೇಜಿಗೆ ಬನ್ನಿರಿ. ಹೊಟ್ಟೆ ತೋರಿಸುವ ಪ್ರಸಂಗ ಬರುವುದಿಲ್ಲ.

ಮಿರಜ, ನೇಸರಗಿ

ರೈಲಿನಲ್ಲಿ ಥರ್ಮಾಸನ್ನು ತೊಡೆಯ ಮೇಲಿಟ್ಟು ಕೂತೇ ಬಂದೆ. ಮಿರಜಿನಲ್ಲಿ ಗಾಡಿ ಬದಲಿಸುವಾಗ ಸರಬತ್ತಿನವನಿಂದ ಐಸು ಪಡೆದೆ. ಬೆಳಗಾವಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ನೇಸರಗಿಗೆ ಇಳಿಯುವ ಮುದುಕಿ.

"ತಮ್ಮಾ, ಒಂದು ಗುಟುಕು ಚಾ ಕೊಡಪಾ. ತಲಿ ಸಿಡ್ಯಾಕ ಹತ್ತೈತಿ."

"ಚಾ ಅಲ್ಲಬೇ ಯವ್ವಾ. ಔಷಧ ಐತಿ."

"ಹೂಂ, ಔಷಧ. ಇಷ್ಟು ದೊಡ್ಡ ಬಾಟಲಿ ಔಷಧ ಎಮ್ಮಿಗೇನು?"

"ನನಗ ಐತಿ."

"ಕೊಡಾಕ ಮನಸಿಲ್ಲ ಅಂದ್ರ ಇಲ್ಲ ಅನ್ನಪಾ. ಪರದೇಶದ ಅಂಗಿ ಹಾಕ್ಕೊಂಡಿ, ಒಂದು ಗುಟುಕು ಚಾಕ್ಕ ಜೀವ ಹಿಡ್ಕೊಂಡು ಕುಂತಿ."

ಜೀವ ಹಿಡಿದುಕೊಂಡೇ ಕೂತಿದ್ದೆ, ಅವಳಿಗೆ ಹೇಗೆ ಹೇಳಲಿ? ನೇಸರಗಿಯಲ್ಲಿ ಇಳಿಯುವ ತನಕ ಇಡೀ ಬಸ್ಸಿಗೆ ನನ್ನ ಜಿಪುಣತನ ಸಾರಿದಳು. ನಾನು ಹುಟ್ಟಿದ ಊರು, ಯಾರಾದರೂ ಗುರುತು ಹಿಡಿದಾರು ಎಂದು ಕಿಟಕಿಯತ್ತ ಮುಖ ಮಾಡಿದೆ.

ಬೈಲಹೊಂಗಲ

ನಮ್ಮ ಡಾಕ್ಟರ್ ಪತ್ರವನ್ನು ಎರಡು ಸಲ ಓದಿದರು. "ಬಾವಲಿ? ನಾನು ಕೇಳಿಲ್ಲಪಾ ಭೀಮಪ್ಪ. ಆದ್ರ ಅವರು ಬರದಾರ ಅಂದ್ರ ಹಾಕೂದ ಖರೆ." ಅವರ ದವಾಖಾನೆಯ ಫ್ರಿಜ್ಜು ಕರೆಂಟು ಇದ್ದಾಗ ಮಾತ್ರ ಫ್ರಿಜ್ಜು, ಉಳಿದ ಹೊತ್ತು ಕಪಾಟು. ಹೀಗಾಗಿ ಸೀಸೆಗಳ ಭಾರ ಹೊತ್ತವನು ನನ್ನ ದೋಸ್ತ ಇಮಾಮಸಾಬ. ಅವನದು ಐಸ್‌ಕ್ಯಾಂಡಿ ಕಾರ್ಖಾನೆ. ಕರೆಂಟು ಹೋದರೂ ಅವನ ಐಸಿನ ಗಡ್ಡೆಗಳು ಕಟ್ಟಿಗೆಯ ಹೊಟ್ಟಿನಲ್ಲಿ ಹೂತು ಎರಡು ದಿನ ಕರಗುವುದಿಲ್ಲ.

"ನಿನ್ನ ಬಾತುಕೋಳಿ ನನ್ನ ಕಡೆ ಸುಖವಾಗಿರತಾವು," ಎಂದ. "ಹುಡುಗೂರು ಕೇಳಿದ್ರ ಹೊಸ ನಮೂನಿ ಕ್ಯಾಂಡಿ ಅಂತೇನಿ."

ನನ್ನ ಜೊತೆ ನಗುತ್ತಿದ್ದವನು ಊರಲ್ಲಿ ಅವನೊಬ್ಬನೇ. ಸುದ್ದಿ ನನಗಿಂತ ಮೊದಲೇ ಸಂತೆ ತಿರುಗಿ ಬಂದಿತ್ತು: ಭೀಮಪ್ಪ ಅಮೆರಿಕದಿಂದ ಹುಚ್ಚು ತಂದಾನ. ಮಾಲು ತರುತ್ತಿದ್ದ ಸವದತ್ತಿಯವರು ಜೋಡುಗಳನ್ನು ಹೊಸ್ತಿಲ ಹೊರಗೇ ಇಟ್ಟು ಹೋದರು. ರಾಮದುರ್ಗದವರು ಬರಲೇ ಇಲ್ಲ. ಅವರನ್ನು ಬೈಯಲಾರೆ, ದುರ್ಗಪ್ಪ ಕಾಕಾನನ್ನು ಅವರೂ ಕಂಡವರು. ನನ್ನ ಹೆಂಡತಿ ಗಂಗವ್ವನ ಅಕ್ಕ ಬಂದು ತಾಯತ ಕಟ್ಟಿಸಿರೆಂದು ಹಟ ಹಿಡಿದಳು.

"ಬುದ್ಧನ ಫೋಟೋದ ಮುಂದ ಕುಂತು ತಾಯತದ ಮಾತು ಆಡಬ್ಯಾಡಕ್ಕ," ಎಂದಳು ಗಂಗವ್ವ. ಬುದ್ಧನ ದಾರಿ ಹಿಡಿದ ಮೇಲೆ ನಾವು ಮಂತ್ರ, ತಾಯತ ಬಿಟ್ಟವರು. "ಸೂಜಿ ಹಾಕಸ್ಯಾರ, ಸೂಜಿನ ಕಾಯಬೇಕು."

ಅಕ್ಕ ಹೋದ ಮೇಲೆ ಗಂಗವ್ವ ಒಳಗೆ ಹೋಗಿ ಅತ್ತದ್ದು ನನಗೆ ಕೇಳಿಸಿತು.

ಕಡೆಯ ಸೂಜಿಯೂ ಆಯಿತು. "ಇನ್ನ ನಾನು ಪಾರಾದಂಗೇನ್ರಿ?" ಎಂದು ಡಾಕ್ಟರನ್ನು ಕೇಳಿದೆ.

"ನಮ್ಮ ಕೈಯಾಗಿಂದು ಎಲ್ಲಾ ಮಾಡೇವಿ. ಇನ್ನ ಕಾಯಬೇಕು."

"ಎಷ್ಟು ದಿನ?"

"ಈ ರೋಗದ್ದು ತಿಂಗಳ ಲೆಕ್ಕ ಭೀಮಪ್ಪ. ಅಂಜಬ್ಯಾಡ. ಸೂಜಿ ಬಿಡದ ಹಾಕಿಸ್ಕೊಂಡಿ."

ಓದುವವರಿಗೆ ಇಷ್ಟು ಹೇಳಿಬಿಡುತ್ತೇನೆ. ಕಾಡಿನದಾಗಲಿ ಓಣಿಯದಾಗಲಿ, ಬೆಚ್ಚಗಿನ ರಕ್ತದ ಪ್ರಾಣಿ ಬಾಯಿ ಹಾಕಿದರೆ ಸುಣ್ಣ ಬೇಡ, ಖಾರಪುಡಿ ಬೇಡ. ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದು ದವಾಖಾನೆಗೆ ಓಡಿರಿ. ಅದರ ತಲೆಗೆ ಬಡಿಯಬೇಡಿರಿ. ಎಲ್ಲದಕ್ಕೂ ಚೌಕಾಸಿ ಮಾಡಿರಿ, ನಾನೂ ಮಾಡುತ್ತೇನೆ, ಸೂಜಿಯ ಲೆಕ್ಕಕ್ಕೆ ಮಾತ್ರ ಮಾಡಬೇಡಿರಿ.

ಅಂದಿನಿಂದ ಗಂಗವ್ವ ದಿನಾ ಬೆಳಿಗ್ಗೆ ನನಗೆ ನೀರು ತಂದುಕೊಟ್ಟು ಎದುರಿಗೇ ನಿಲ್ಲತೊಡಗಿದಳು. ನಾನು ಕುಡಿಯುವಾಗ ಅವಳ ಕಣ್ಣು ನನ್ನ ಗಂಟಲ ಮೇಲೆ. ಕಡೆಯ ಗುಟುಕು ಇಳಿದ ಮೇಲೆ ಚಂಬು ಇಸಿದುಕೊಂಡು ಒಳಗೆ ಹೋಗುತ್ತಿದ್ದಳು. ನಾನೂ ಅವಳ ಮುಖ ನೋಡಿಯೇ ನನ್ನ ಗಂಟಲಿನ ಸುದ್ದಿ ತಿಳಿಯುತ್ತಿದ್ದೆ. ಹೊಲದಲ್ಲಿ ಜೋಳ ಕೊಯ್ಲಾಯಿತು, ಪೇಟೆಗೆ ಹತ್ತಿಯ ಬಂಡಿಗಳು ಬಂದು ಹೋದವು, ವಾಲ್ಟರನ ಮೊದಲ ಮಾಲು ಹಡಗು ಹತ್ತಿತು. ರಾಮದುರ್ಗದವರು ಒಬ್ಬೊಬ್ಬರೇ ಹೊಸ್ತಿಲ ಒಳಗೆ ಬರತೊಡಗಿದರು. ಅವಳು ಮಾತ್ರ ಬೆಳಗಿನ ಆ ನಿಲುವು ಬಿಡಲಿಲ್ಲ.

ಬೇಸಿಗೆ ಬಿದ್ದ ಮೇಲೆ ಒಂದು ಬೆಳಿಗ್ಗೆ. ಗಂಗವ್ವ ಚಂಬು ನನ್ನ ಕೈಗೆ ಕೊಡುತ್ತಿದ್ದಂತೆ ಬಾಗಿಲಲ್ಲಿ ಹಾಲಿನವಳ ದನಿ ಕೇಳಿತು. "ಬಾರಬೇ ಬಾ, ನಿನ್ನ ದಾರೀನ ಕಾಯಾಕತ್ತಿದ್ದೆ," ಎಂದು ಇವಳು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. "ನಿನ್ನೆ ಕೊಟ್ಟದ್ದು ಹಾಲೋ, ಅಕ್ಕಿ ತೊಳದ ನೀರೋ?" ಹಾಲಿನವಳೂ ಬಿಡುವವಳಲ್ಲ. ಎಮ್ಮೆಯ ಮೇವಿನಿಂದ ಹಿಡಿದು ಇವಳ ಪಾತ್ರೆಯ ಕಿಲುಬಿನ ತನಕ ಮಾತಿಗೆ ಮಾತು ನಡೆಯಿತು.

ನಾನು ಚಂಬು ಹಿಡಿದು ಕೂತಿದ್ದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಎದುರಿಗೆ ಯಾರೂ ಇರಲಿಲ್ಲ. ಕುಡಿದೆ. ಹೊರಗೆ ಜಗಳ ಇನ್ನೂ ಮುಗಿದಿರಲಿಲ್ಲ, ಗಂಗವ್ವನೇ ಗೆಲ್ಲುವ ಹಾಗಿತ್ತು. ಅವಳನ್ನು ಕರೆಯಲಿಲ್ಲ. ಎದ್ದು ಹೋಗಿ, ಇನ್ನೊಂದು ಚಂಬು ನೀರು ನಾನೇ ತುಂಬಿಕೊಂಡು ಕುಡಿದೆ.